ದಿ ಬರೀಡ್ ಜಯಂಟ್: ಇಶಿಗುರೊ ಬರೆದ ಡ್ರ್ಯಾಗನ್ ಕಾದಂಬರಿ

ಕಜುವೊ ಇಶಿಗುರೊ ಅವರ ಏಳನೆಯ ಕಾದಂಬರಿ ‘ದಿ ಬರೀಡ್ ಜಯಂಟ್’ ಪ್ರಕಟವಾದದ್ದು 2015ರ ಮಾರ್ಚ್‌ನಲ್ಲಿ. ಅದಕ್ಕೂ ಹಿಂದಿನ ಕಾದಂಬರಿ ‘ನೆವರ್ ಲೆಟ್ ಮಿ ಗೋ’ ಬಂದು ಅಷ್ಟೊತ್ತಿಗೆ ಹತ್ತು ವರ್ಷವಾಗಿತ್ತು. ನಡುವೆ ಬಂದದ್ದು ‘ನಾಕ್ಟರ್ನ್ಸ್’ ಎಂಬ ಕಥೆಗಳ ಸಂಗ್ರಹ ಮಾತ್ರ. ಇಷ್ಟು ಕಾಲ ಕಾದ ಓದುಗರ ಕೈಗೆ ಸಿಕ್ಕಿದ್ದು ಅವರು ಊಹಿಸಿಯೇ ಇರದಂಥ ಪುಸ್ತಕ. ಆರ್ಥರ್ ದೊರೆ ತೀರಿಕೊಂಡ ನಂತರದ ಬ್ರಿಟನ್, ಕತ್ತಲಲ್ಲಿ ಓಡಾಡುವ ರಾಕ್ಷಸರು, ನದಿಯಲ್ಲಿ ಮುತ್ತುವ ಪುಟ್ಟ ಪಿಕ್ಸಿಗಳು, ತುಕ್ಕು ಹಿಡಿದ ಕವಚದ ಮುದಿ ವೀರ, ಬೆಟ್ಟದ ಮೇಲೊಂದು ಹೆಣ್ಣು ಡ್ರ್ಯಾಗನ್. ಸಮಕಾಲೀನ ಇಂಗ್ಲಿಷ್ ಸಾಹಿತ್ಯದಲ್ಲಿ ಒಬ್ಬ ಪ್ರಮುಖ ಲೇಖಕ ತನ್ನ ದಾರಿ ಬಿಟ್ಟು ಫ್ಯಾಂಟಸಿಗೆ ಹೊರಳಿದ ಉದಾಹರಣೆಗಳಲ್ಲಿ ಇದು ಅತಿ ಹೆಚ್ಚು ಚರ್ಚೆಗೆ ಸಿಕ್ಕಿದ್ದು. ಅನೇಕರನ್ನು ನಿರಾಸೆಗೊಳಿಸಿದ್ದೂ ಹೌದು.

ಇಶಿಗುರೊ ಹುಟ್ಟಿದ್ದು 1954ರಲ್ಲಿ, ಜಪಾನಿನ ನಾಗಸಾಕಿಯಲ್ಲಿ. ಐದು ವರ್ಷದ ಹುಡುಗನಾಗಿದ್ದಾಗ, 1960ರಲ್ಲಿ, ತಂದೆತಾಯಿಯ ಜೊತೆ ಇಂಗ್ಲೆಂಡಿಗೆ ಬಂದರು. ಮೊದಲೆರಡು ಕಾದಂಬರಿಗಳು ಯುದ್ಧಾನಂತರದ ಜಪಾನಿನ ನೆನಪುಗಳನ್ನು ಹೊತ್ತವು. ಮೂರನೆಯದು, ‘ದಿ ರಿಮೇನ್ಸ್ ಆಫ್ ದಿ ಡೇ’, 1989ರ ಬೂಕರ್ ಪ್ರಶಸ್ತಿ ಗೆದ್ದಿತು. ಸ್ಟೀವನ್ಸ್ ಎಂಬ ಬಟ್ಲರ್ ತನ್ನ ಯಜಮಾನನ ಸೇವೆಯಲ್ಲಿ ಕಳೆದ ವರ್ಷಗಳನ್ನು ನೆನೆಯುತ್ತ ಹೋಗುತ್ತಾನೆ. ಆ ಯಜಮಾನ ನಾಜಿಗಳ ಬಗ್ಗೆ ಒಲವಿದ್ದವನೆಂಬುದನ್ನೂ ತಾನು ಒಬ್ಬ ಹೆಂಗಸನ್ನು ಪ್ರೀತಿಸಿದ್ದೆನೆಂಬುದನ್ನೂ ಆತ ತನಗೆ ತಾನೇ ಒಪ್ಪಿಕೊಳ್ಳಲಾರ. ಅವನು ಮುಚ್ಚಿಡುವುದನ್ನು ಓದುಗ ಅವನಿಗಿಂತ ಮೊದಲೇ ಕಂಡುಬಿಡುತ್ತಾನೆ. ಇಶಿಗುರೊ ಅವರ ಖ್ಯಾತಿ ನಿಂತಿರುವುದು ಈ ಕುಶಲತೆಯ ಮೇಲೆ. 2005ರವರೆಗಿನ ಆರೂ ಕಾದಂಬರಿಗಳಲ್ಲಿ ಕಥೆ ಹೇಳುವುದು ‘ನಾನು’. ಆರರಲ್ಲೂ ಆ ‘ನಾನು’ ಪೂರ್ತಿ ನಂಬಲಿಕ್ಕಾಗದ ನಿರೂಪಕ.

ಪ್ರಕಾರಗಳ ಗಡಿ ದಾಟುವುದು ಅವರಿಗೆ ಹೊಸದಾಗಿರಲಿಲ್ಲ. 2000ದ ‘ವೆನ್ ವಿ ವರ್ ಆರ್ಫನ್ಸ್’ ಪತ್ತೇದಾರನ ಕಥೆಯ ಉಡುಪು ತೊಟ್ಟಿತ್ತು. ‘ನೆವರ್ ಲೆಟ್ ಮಿ ಗೋ’ ಅಂಗಾಂಗಗಳಿಗಾಗಿ ಬೆಳೆಸಲಾದ ತದ್ರೂಪಿ ಮಕ್ಕಳ ಕಥೆ, ಅಂದರೆ ವಸ್ತುವಿನಲ್ಲಿ ವೈಜ್ಞಾನಿಕ ಕಾದಂಬರಿಯೇ. ಆ ಎರಡರಲ್ಲೂ ಪ್ರಕಾರದ ಸಾಮಗ್ರಿ ಹಿನ್ನೆಲೆಯಲ್ಲಿತ್ತು, ಮುಂದೆ ನಿಂತಿದ್ದು ಒಂದು ಮನಸ್ಸು. ‘ದಿ ಬರೀಡ್ ಜಯಂಟ್’ನಲ್ಲಿ ಈ ಕ್ರಮ ತಲೆಕೆಳಗಾಯಿತು.

ಪುಸ್ತಕ ಸುಲಭವಾಗಿ ಬರಲಿಲ್ಲ. ಆರಂಭದ ಪುಟಗಳನ್ನು ಓದಿದ ಪತ್ನಿ ಲೋರ್ನಾ ಮ್ಯಾಕ್‌ಡೂಗಲ್ ಇದು ನಡೆಯುವುದಿಲ್ಲ, ಮೊದಲಿಂದ ಬರೆಯಬೇಕು ಎಂದು ನೇರವಾಗಿ ಹೇಳಿಬಿಟ್ಟರೆಂದು ಇಶಿಗುರೊ ಅವರೇ ಹಲವು ಸಂದರ್ಶನಗಳಲ್ಲಿ ನೆನೆದಿದ್ದಾರೆ. ಅವರು ಹಸ್ತಪ್ರತಿಯನ್ನು ಬದಿಗಿಟ್ಟರು. ಬಹಳ ಕಾಲದ ಮೇಲೆ ಮತ್ತೆ ಕೈಗೆತ್ತಿಕೊಂಡು ಹೊಸದಾಗಿ ಬರೆದರು. ಅವರನ್ನು ಕಾಡುತ್ತಿದ್ದ ಪ್ರಶ್ನೆಗೂ ಡ್ರ್ಯಾಗನ್ನಿಗೂ ಮೊದಲಿಗೆ ಸಂಬಂಧವೇ ಇರಲಿಲ್ಲ. ಒಂದು ಸಮಾಜ ತಾನು ಮಾಡಿದ ಘೋರವನ್ನು ಯಾವಾಗ ನೆನಪಿಟ್ಟುಕೊಳ್ಳಬೇಕು, ಯಾವಾಗ ಮರೆತು ಮುಂದೆ ಹೋಗಬೇಕು? ಒಂದು ದಾಂಪತ್ಯಕ್ಕೂ ಇದೇ ಪ್ರಶ್ನೆ ಎದುರಾದರೆ? ಬೋಸ್ನಿಯಾ, ರುವಾಂಡಾ, ಎರಡನೆಯ ಮಹಾಯುದ್ಧದ ನಂತರದ ಫ್ರಾನ್ಸ್, ಹೀಗೆ ಅನೇಕ ನೆಲೆಗಳನ್ನು ಯೋಚಿಸಿದರು. ಯಾವುದನ್ನು ಆರಿಸಿದರೂ ಕಾದಂಬರಿ ಆ ದೇಶದ ರಾಜಕೀಯದ ವರದಿಯಾಗಿಬಿಡುವ ಭಯ. ಯಾರಿಗೂ ಸೇರದ, ಎಲ್ಲರಿಗೂ ಅನ್ವಯಿಸುವ ದೂರದ ಕಾಲ ಅವರಿಗೆ ಬೇಕಿತ್ತು.

ಅದು ಸಿಕ್ಕಿದ್ದು ಹಳೆಯ ಕಾವ್ಯವೊಂದರ ಪುಟ್ಟ ಭಾಗದಲ್ಲಿ. ‘ಸರ್ ಗವೇನ್ ಅಂಡ್ ದಿ ಗ್ರೀನ್ ನೈಟ್’ ಹದಿನಾಲ್ಕನೆಯ ಶತಮಾನದ ಕೊನೆಯ ಇಂಗ್ಲಿಷ್ ಕಾವ್ಯ; ಬರೆದವನ ಹೆಸರು ಉಳಿದಿಲ್ಲ. ಕಥಾನಾಯಕ ಒಂದು ಕೋಟೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯ ವರ್ಣನೆ ಅದರಲ್ಲಿ ಬಂದು ಹೋಗುತ್ತದೆ: ಚಳಿ, ಕಾಡು, ಅಟ್ಟಿಸಿಕೊಂಡು ಬರುವ ರಾಕ್ಷಸರು. ಕವಿಗೆ ಅದು ಮುಖ್ಯವಲ್ಲ. ಇಶಿಗುರೊ ಹಿಡಿದುಕೊಂಡದ್ದು ಮಾತ್ರ ಅಷ್ಟನ್ನೇ, ರಾಕ್ಷಸರು ಹಸುಗೂಳಿಗಳಷ್ಟೇ ಸಾಮಾನ್ಯವಾಗಿ ಓಡಾಡಿಕೊಂಡಿರುವ ಆ ನಾಡನ್ನು. ಇದೇ ಕಾವ್ಯವನ್ನು 1925ರಲ್ಲಿ ಇ. ವಿ. ಗಾರ್ಡನ್ ಜೊತೆ ಸೇರಿ ಸಂಪಾದಿಸಿ ಆಧುನಿಕ ಓದುಗರಿಗೆ ಕೊಟ್ಟವರು ಜೆ. ಆರ್. ಆರ್. ಟೋಲ್ಕಿನ್. ಫ್ಯಾಂಟಸಿ ಪ್ರಕಾರದ ಹಿರಿಯನೂ ಫ್ಯಾಂಟಸಿಯ ಹೊಸಿಲಲ್ಲಿ ಅನುಮಾನಿಸುತ್ತ ನಿಂತ ಇಶಿಗುರೊ ಅವರೂ ನೀರು ಸೇದಿದ್ದು ಒಂದೇ ಬಾವಿಯಿಂದ ಎಂಬುದನ್ನು ಮುಂದೆ ನಡೆದ ಜಗಳದಲ್ಲಿ ಹೆಚ್ಚು ಜನ ನೆನಪಿಸಿಕೊಳ್ಳಲಿಲ್ಲ.

ಆರಿಸಿದ ಕಾಲವೂ ಅರ್ಥಪೂರ್ಣವಾದದ್ದೇ. ಐದನೆಯ ಶತಮಾನದ ಆರಂಭದಲ್ಲಿ ರೋಮನ್ನರು ಬ್ರಿಟನ್ನಿನಿಂದ ಕಾಲ್ತೆಗೆದರು. ಆಮೇಲೆ ಸ್ಯಾಕ್ಸನ್ನರೂ ಇತರ ಜರ್ಮಾನಿಕ್ ಜನರೂ ಬಂದು ನೆಲೆಸಿದರು. ಮೂಲದ ಬ್ರಿಟನ್ ಜನರ ಭಾಷೆ ದ್ವೀಪದ ಪೂರ್ವ ಮತ್ತು ದಕ್ಷಿಣ ಭಾಗಗಳಿಂದ ಹೆಚ್ಚುಕಡಿಮೆ ಅಳಿಸಿಹೋಯಿತು. ಅದು ಹೇಗೆ ನಡೆಯಿತು, ಎಷ್ಟು ರಕ್ತ ಹರಿಯಿತು ಎಂದು ಹೇಳುವ ಸಮಕಾಲೀನ ದಾಖಲೆ ತೀರಾ ಕಡಿಮೆ. ಆರನೆಯ ಶತಮಾನದ ಸಂನ್ಯಾಸಿ ಗಿಲ್ಡಾಸ್ ಬರೆದದ್ದು ಇತಿಹಾಸಕ್ಕಿಂತ ಹೆಚ್ಚಾಗಿ ಧರ್ಮೋಪದೇಶ. ಅದರಲ್ಲಿ ಆರ್ಥರನ ಹೆಸರೇ ಇಲ್ಲ. ಆರ್ಥರ್ ಸ್ಯಾಕ್ಸನ್ನರನ್ನು ಸೋಲಿಸಿದ ಯುದ್ಧಗಳ ಪಟ್ಟಿ ಕಾಣಿಸಿಕೊಳ್ಳುವುದು ಒಂಬತ್ತನೆಯ ಶತಮಾನದ ಗ್ರಂಥದಲ್ಲಿ. ಇತಿಹಾಸದ ಈ ಖಾಲಿ ಜಾಗದಲ್ಲೇ ಇಶಿಗುರೊ ತಮ್ಮ ಕಥೆಯನ್ನು ಕಟ್ಟಿದರು: ಆ ಮೌನ ಆಕಸ್ಮಿಕವಲ್ಲ, ಯಾರೋ ಬೇಕೆಂದೇ ಉಂಟುಮಾಡಿದ್ದು ಎಂದಾದರೆ?

ಕಾದಂಬರಿ ತೆರೆದುಕೊಳ್ಳುವುದು ಬೆಟ್ಟದ ಪಕ್ಕೆಯನ್ನು ಕೊರೆದು ಮಾಡಿದ ಬಿಲದಂಥ ಹಳ್ಳಿಯಲ್ಲಿ. ಆಕ್ಸಲ್ ಮತ್ತು ಬಿಯಾಟ್ರಿಸ್ ಬ್ರಿಟನ್ ಜನಾಂಗದ ವಯಸ್ಸಾದ ದಂಪತಿ. ಹಳ್ಳಿಯವರು ಅವರ ಕೋಣೆಗೆ ಮೋಂಬತ್ತಿಯನ್ನೂ ಕೊಡದೆ ಕತ್ತಲಲ್ಲಿಟ್ಟಿದ್ದಾರೆ. ನಾಡಿನ ಮೇಲೆಲ್ಲ ಒಂದು ಮಂಜು ಕವಿದಿದೆ. ಅದರಿಂದಾಗಿ ಯಾರಿಗೂ ನಿನ್ನೆ ಮೊನ್ನೆಯದೂ ನೆನಪಿನಲ್ಲಿ ನಿಲ್ಲದು. ತಮಗೊಬ್ಬ ಮಗನಿದ್ದಾನೆ, ಇನ್ನೊಂದು ಹಳ್ಳಿಯಲ್ಲಿ ತಮಗಾಗಿ ಕಾಯುತ್ತಿದ್ದಾನೆ ಎಂಬ ಮಸುಕು ನೆನಪನ್ನು ನಂಬಿ ಇಬ್ಬರೂ ಹೊರಡುತ್ತಾರೆ. ದಾರಿಯಲ್ಲಿ ಪಾಳುಬಿದ್ದ ರೋಮನ್ ಮನೆಯಲ್ಲಿ ಒಬ್ಬ ಅಂಬಿಗ ಸಿಗುತ್ತಾನೆ. ಅವನು ಜನರನ್ನು ಒಂದು ದ್ವೀಪಕ್ಕೆ ದಾಟಿಸುವವನು. ಗಂಡಹೆಂಡಿರನ್ನು ಒಟ್ಟಿಗೆ ಕರೆದೊಯ್ಯಬೇಕಾದರೆ ಅವರು ನಿಜವಾಗಿ ಪ್ರೀತಿಸುತ್ತಾರೆಂದು ಅವನಿಗೆ ಮನದಟ್ಟಾಗಬೇಕು. ಅದಕ್ಕಾಗಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ, ಅವರಿಗೆ ಅತ್ಯಂತ ಪ್ರಿಯವಾದ ನೆನಪು ಯಾವುದೆಂದು ಕೇಳುತ್ತಾನೆ. ನೆನಪೇ ಇಲ್ಲದ ನಾಡಿನಲ್ಲಿ ಈ ಪರೀಕ್ಷೆ ಪಾಸಾಗುವುದು ಹೇಗೆ? ಬಿಯಾಟ್ರಿಸ್‌ಳ ಭಯ ಇಲ್ಲಿಂದಲೇ ಶುರುವಾಗುತ್ತದೆ. ಅವಳ ಪಕ್ಕೆಯಲ್ಲಿ ಬಿಡದ ನೋವೊಂದು ಇರುವುದನ್ನೂ ಲೇಖಕರು ಸದ್ದಿಲ್ಲದೆ ಹೇಳಿಟ್ಟಿರುತ್ತಾರೆ.

ಮುಂದೆ ಇವರನ್ನು ಸೇರಿಕೊಳ್ಳುವವರು ವಿಸ್ಟನ್ ಎಂಬ ಸ್ಯಾಕ್ಸನ್ ಯೋಧ, ಮೈಮೇಲೆ ವಿಚಿತ್ರ ಗಾಯವಿರುವ ಎಡ್ವಿನ್ ಎಂಬ ಹುಡುಗ, ಮತ್ತು ಆರ್ಥರನ ಆಸ್ಥಾನದಲ್ಲಿ ಉಳಿದ ಮುದಿ ವೀರ ಸರ್ ಗವೇನ್. ಮಂಜಿನ ಮೂಲ ಕ್ವೆರಿಗ್ ಎಂಬ ಡ್ರ್ಯಾಗನ್ನಿನ ಉಸಿರು. ವಿಸ್ಟನ್ ಅದನ್ನು ಕೊಲ್ಲಲು ಬಂದವನು. ಗವೇನ್ ತಾನೂ ಅದನ್ನೇ ಮಾಡಲು ನಿಯುಕ್ತನಾದವನೆಂದು ಹೇಳಿಕೊಂಡು ತಿರುಗುತ್ತಾನೆ. ನಿಜ ಬೇರೆಯೇ. ಸ್ಯಾಕ್ಸನ್ ಹಳ್ಳಿಗಳ ಹೆಂಗಸರನ್ನೂ ಮಕ್ಕಳನ್ನೂ ಮುಟ್ಟುವುದಿಲ್ಲ ಎಂಬ ಒಪ್ಪಂದವನ್ನು ಆರ್ಥರ್ ಮುರಿದ. ಹತ್ಯಾಕಾಂಡ ನಡೆಸಿ ಗೆದ್ದ. ಸೇಡಿನ ಸರಪಳಿ ಶುರುವಾಗದಿರಲೆಂದು ಮಾಂತ್ರಿಕ ಮರ್ಲಿನ್‌ನಿಂದ ಡ್ರ್ಯಾಗನ್ನಿನ ಉಸಿರಿಗೆ ಮರೆವಿನ ಮಾಟ ಹಾಕಿಸಿದ. ಗವೇನ್ ಆ ಡ್ರ್ಯಾಗನ್ನಿನ ಕಾವಲುಗಾರ. ಮುರಿದುಬಿದ್ದ ಒಪ್ಪಂದವನ್ನು ಹಳ್ಳಿಹಳ್ಳಿಗೆ ಒಯ್ದು ನಂಬಿಸಿದ್ದವನು ಇದೇ ಆಕ್ಸಲ್. ಎರಡು ಜನಾಂಗಗಳು ಅಕ್ಕಪಕ್ಕದಲ್ಲಿ ಶಾಂತಿಯಿಂದ ಬದುಕುತ್ತಿರುವುದು ತಮಗೇನಾಗಿತ್ತೆಂದು ಗೊತ್ತಿಲ್ಲದ್ದರಿಂದ. ಶೀರ್ಷಿಕೆಯ ಹೂತಿಟ್ಟ ದೈತ್ಯ ಈ ನೆನಪೇ. ಡ್ರ್ಯಾಗನ್ ಸತ್ತರೆ ಆತ ಮೇಲೇಳುತ್ತಾನೆ.

ಪುಸ್ತಕ ಬಿಡುಗಡೆಯಾಗುವ ಹೊತ್ತಿಗೆ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಜೊತೆ ಮಾತನಾಡುತ್ತ ಇಶಿಗುರೊ ತಮ್ಮ ಆತಂಕವನ್ನು ಹೇಳಿಕೊಂಡರು. ಓದುಗರು ತಮ್ಮನ್ನು ಹಿಂಬಾಲಿಸುವರೇ, ಮೇಲುನೋಟದ ಸಾಮಗ್ರಿಯನ್ನು ಕಂಡು ಪೂರ್ವಗ್ರಹ ತಾಳುವರೇ, ಇದನ್ನು ಫ್ಯಾಂಟಸಿ ಎಂದುಬಿಡುವರೇ ಎಂಬ ಅರ್ಥದ ಮಾತು ಅದು. ‘ಅರ್ಥ್‌ಸೀ’ ಕಥೆಗಳ ಲೇಖಕಿ ಅರ್ಸುಲಾ ಕೆ. ಲೆ ಗ್ವಿನ್ ಕೆರಳಿದರು. ಅವರಿಗೆ ಆಗ ಎಂಬತ್ತೈದು ವರ್ಷ. ಜೀವಮಾನವಿಡೀ ಫ್ಯಾಂಟಸಿಯನ್ನು ಗಂಭೀರ ಸಾಹಿತ್ಯವೆಂದು ಸಾಧಿಸಿ ತೋರಿಸಿದ ಅವರಿಗೆ ಆ ಮಾತು ಅವಮಾನವಾಗಿ ಕೇಳಿಸಿತು. ತನ್ನನ್ನು ದೊಂಬರವನೆಂದು ಕರೆದಾರೇನೋ ಎಂದು ಕೂಗಿ ಕೇಳುತ್ತಲೇ ಹಗ್ಗದಿಂದ ಬೀಳುವವನನ್ನು ನೋಡಿದಂತಾಯಿತು ಎಂಬ ಧಾಟಿಯಲ್ಲಿ ಅವರು ಬರೆದರು. ತಾನು ಪಿಕ್ಸಿಗಳ ಮತ್ತು ಡ್ರ್ಯಾಗನ್ನುಗಳ ಪಕ್ಷದವನೇ ಎಂದು ಇಶಿಗುರೊ ಉತ್ತರಿಸಿದರು. ಲೆ ಗ್ವಿನ್ ಕೂಡ ಆಮೇಲೆ ತಾನು ಅವಸರಪಟ್ಟೆನೆಂದು ಒಪ್ಪಿಕೊಂಡರು. ಅದೇ ವರ್ಷ ‘ನ್ಯೂ ಸ್ಟೇಟ್ಸ್‌ಮನ್’ ಪತ್ರಿಕೆಗಾಗಿ ಫ್ಯಾಂಟಸಿ ಲೇಖಕ ನೀಲ್ ಗೇಮನ್ ಮತ್ತು ಇಶಿಗುರೊ ಪ್ರಕಾರಗಳ ಬಗ್ಗೆ ನಡೆಸಿದ ದೀರ್ಘ ಸಂವಾದ ಈ ಗಲಾಟೆಯಿಂದ ಹುಟ್ಟಿದ ಒಳ್ಳೆಯ ಫಲ.

ಜಗಳ ತಣ್ಣಗಾಯಿತು, ನಿರಾಸೆ ಉಳಿಯಿತು. ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಮಿಚಿಕೊ ಕಕುಟಾನಿ ಪುಸ್ತಕವನ್ನು ಒಪ್ಪಲಿಲ್ಲ. ‘ನ್ಯೂಯಾರ್ಕರ್’ನಲ್ಲಿ ಜೇಮ್ಸ್ ವುಡ್, ಇಶಿಗುರೊ ಅವರ ಶ್ರೇಷ್ಠ ಕೃತಿಗಳಲ್ಲಿ ಒಳಗೊಳಗೇ ಇದ್ದದ್ದು ಇಲ್ಲಿ ಬಹಿರಂಗದ ರೂಪಕವಾಗಿ, ಸಾಮಾನ್ಯೀಕರಣವಾಗಿ ಬಿಟ್ಟಿದೆ ಎಂದರು. ಗೇಮನ್ ಗೌರವದಿಂದಲೇ ಬರೆದರು, ಆದರೆ ಪುಸ್ತಕದ ಮೇಲೆ ಪೂರ್ತಿ ಪ್ರೀತಿ ಹುಟ್ಟಲಿಲ್ಲವೆಂಬುದನ್ನು ಮುಚ್ಚಿಡಲಿಲ್ಲ. ಎಲ್ಲರೂ ಹೀಗೆಯೇ ಅಂದರೆಂದಲ್ಲ. ಇತಿಹಾಸಕಾರ ಟಾಮ್ ಹಾಲೆಂಡ್ ‘ಗಾರ್ಡಿಯನ್’ನಲ್ಲಿ ಮೆಚ್ಚಿ ಬರೆದರು. 2016ರ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲೂ ಕಾದಂಬರಿ ಇತ್ತು. ಅಂದರೆ ಫ್ಯಾಂಟಸಿಯ ಮನೆಯವರು ಬಾಗಿಲು ಮುಚ್ಚಲಿಲ್ಲ.

ಫ್ಯಾಂಟಸಿ ಓದುಗರ ನಿರಾಸೆಗೆ ಕಾರಣ ಸರಳ. ಇಡೀ ಪುಸ್ತಕ ಕ್ವೆರಿಗ್‌ಳತ್ತ ನಡೆಯುತ್ತದೆ. ಕೊನೆಗೆ ಸಿಗುವುದು ಗುಂಡಿಯೊಂದರಲ್ಲಿ ಬಿದ್ದುಕೊಂಡ, ಬಡಕಲಾದ, ಉಸಿರಾಡುವುದೇ ಅನುಮಾನವೆನ್ನುವಂಥ ಮುದಿ ಪ್ರಾಣಿ. ವಿಸ್ಟನ್ ಇಳಿದು ಹೋಗಿ ಒಂದೇಟಿಗೆ ಕೆಲಸ ಮುಗಿಸುತ್ತಾನೆ. ಗವೇನ್ ಮತ್ತು ವಿಸ್ಟನ್ನರ ದ್ವಂದ್ವಯುದ್ಧವೂ ಹಾಗೆಯೇ, ದೀರ್ಘ ನಿಶ್ಚಲತೆ, ಆಮೇಲೆ ಕ್ಷಣಾರ್ಧದ ಚಲನೆ. ಜಪಾನಿನ ಸಮುರಾಯ್ ಚಿತ್ರಗಳನ್ನೂ ಹಾಲಿವುಡ್ಡಿನ ವೆಸ್ಟರ್ನ್ ಚಿತ್ರಗಳನ್ನೂ ಮೆಚ್ಚಿದ ಇಶಿಗುರೊ ಬೇಕೆಂದೇ ಈ ಶೈಲಿ ತಂದರು. ಕತ್ತಿ ಕಾಳಗ ಹೀಗಿರುವುದು ದೋಷವಲ್ಲ, ಚೆಲುವೇ. ಡ್ರ್ಯಾಗನ್ ಬಡಕಲಾಗಿರುವುದೂ ಸರಿಯೇ; ಸುಳ್ಳಿನ ಮೇಲೆ ನಿಂತ ಶಾಂತಿಗೆ ಅಷ್ಟೇ ಆಯುಸ್ಸು. ದೊಡ್ಡ ತೊಂದರೆ ಇರುವುದು ಮಂಜಿನಲ್ಲಿ.

ಫ್ಯಾಂಟಸಿ ಲೋಕದ ಮಾಟಕ್ಕೂ ನಿಯಮ ಬೇಕು. ಟೋಲ್ಕಿನ್‌ರ ಉಂಗುರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಓದುಗನಿಗೆ ಗೊತ್ತು. ಲೆ ಗ್ವಿನ್‌ರ ‘ಅರ್ಥ್‌ಸೀ’ಯಲ್ಲಿ ಒಂದರ ನಿಜನಾಮ ತಿಳಿದವನಿಗೆ ಅದರ ಮೇಲೆ ಹಿಡಿತ. ಇಶಿಗುರೊ ಅವರ ಮಂಜಿಗೆ ಇಂಥ ಕಟ್ಟುಪಾಡಿಲ್ಲ. ಆಕ್ಸಲ್‌ಗೆ ನಿನ್ನೆ ಹಳ್ಳಿಯಲ್ಲಿ ನಡೆದದ್ದು ಮರೆತುಹೋಗುತ್ತದೆ, ಆದರೆ ಕಥೆಗೆ ಬೇಕಾದಾಗ ದಶಕಗಳ ಹಿಂದಿನ ಮುಖವೊಂದು ಫಕ್ಕನೆ ಹೊಳೆಯುತ್ತದೆ. ದೂರದ ನಾಡಿನಿಂದ ಬಂದ ವಿಸ್ಟನ್‌ಗೆ ಮಂಜು ಅಷ್ಟಾಗಿ ತಟ್ಟುವುದಿಲ್ಲ. ಯಾವ ನೆನಪು ಉಳಿಯಬೇಕು, ಯಾವುದು ಅಳಿಯಬೇಕು ಎಂದು ನಿರ್ಧರಿಸುವುದು ಡ್ರ್ಯಾಗನ್ ಅಲ್ಲ, ಲೇಖಕರ ಅನುಕೂಲ ಎಂಬ ಶಂಕೆ ಒಮ್ಮೆ ಹುಟ್ಟಿದರೆ ಹೋಗುವುದಿಲ್ಲ.

ಇದಕ್ಕಿಂತ ಆಳದ ನಷ್ಟ ಒಂದಿದೆ. ಬಟ್ಲರ್ ಸ್ಟೀವನ್ಸ್ ಮರೆತದ್ದು ತಾನೇ ಆರಿಸಿಕೊಂಡ ಮರೆವು. ಅವನು ತನ್ನ ಯಜಮಾನನ ತಪ್ಪಿನತ್ತ ನೋಡದಿರುವುದಕ್ಕೆ ಅವನ ಹೆಮ್ಮೆ, ಹೆದರಿಕೆ, ಒಂಟಿತನ ಕಾರಣ. ಹಾಗಾಗಿಯೇ ಆ ಮರೆವು ನೈತಿಕವಾದದ್ದು, ಓದುಗನನ್ನು ಚುಚ್ಚುವಂಥದ್ದು. ಆಕ್ಸಲ್ ಮತ್ತು ಬಿಯಾಟ್ರಿಸ್ ಮರೆತದ್ದು ಡ್ರ್ಯಾಗನ್ ಉಸಿರಾಡಿದ್ದರಿಂದ. ಅವರ ಹೊಣೆ ಅಲ್ಲಿಗೆ ಕಳಚಿಕೊಳ್ಳುತ್ತದೆ. ಮನಸ್ಸಿನ ಒಳಗೆ ನಡೆಯಬೇಕಾದ ಹೋರಾಟವನ್ನು ಇಶಿಗುರೊ ಹವಾಮಾನವಾಗಿ ಹೊರಗಿಟ್ಟರು. ಅದರೊಂದಿಗೆ ‘ನಾನು’ ಎನ್ನುವ ನಿರೂಪಕನನ್ನೂ ಬಿಟ್ಟರು. ಕಾದಂಬರಿಯ ಬಹುಪಾಲು ಪ್ರಥಮ ಪುರುಷದಲ್ಲಿದೆ, ಹೊರಗೆ ನಿಂತು ನೋಡುವ ದನಿಯಲ್ಲಿದೆ. ಸಂಭಾಷಣೆ ಪುರಾತನ ಕಾಲಕ್ಕೆ ಹೊಂದಲೆಂದು ಬಿಗಿಯಾಗಿ, ವಿಧಿವತ್ತಾಗಿ ಸಾಗುತ್ತದೆ. ಆಕ್ಸಲ್ ಮಾತುಮಾತಿಗೂ ಹೆಂಡತಿಯನ್ನು ‘ಪ್ರಿನ್ಸೆಸ್’ ಎಂದು ಕರೆಯುತ್ತಾನೆ. ಮೊದಲ ಐವತ್ತು ಪುಟಗಳಲ್ಲಿ ಮುದ್ದಾಗಿ ಕೇಳುವ ಆ ಕರೆ ಮುನ್ನೂರನೆಯ ಪುಟದ ಹೊತ್ತಿಗೆ ದಣಿವು ತರುತ್ತದೆ.

‘ನಾನು’ ಎನ್ನುವ ನಿರೂಪಕನನ್ನು ಬಿಟ್ಟದ್ದು ನಷ್ಟವೆಂಬುದಕ್ಕೆ ಸಾಕ್ಷಿ ಕಾದಂಬರಿಯೊಳಗೇ ಇದೆ. ಅದರ ಅತ್ಯುತ್ತಮ ಪುಟಗಳು ಲೇಖಕರು ‘ನಾನು’ ಎಂಬುದಕ್ಕೆ ಮರಳಿದ ಪುಟಗಳು. ನಡುವೆ ಎರಡು ಕಡೆ ಗವೇನ್ ತಾನೇ ಮಾತನಾಡುತ್ತಾನೆ. ದಾರಿಯಲ್ಲಿ ಅವನನ್ನು ಹಂಗಿಸುವ ವಿಧವೆಯರ ಬಗ್ಗೆ ಗೊಣಗುತ್ತಾನೆ, ಕುದುರೆ ಹೊರೇಸ್‌ನೊಡನೆ ಹರಟುತ್ತಾನೆ, ಆರ್ಥರನ ಮಹತ್ವವನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಾನೆ. ಆ ಹೇಳಿಕೆಯ ಸಂದಿಯಿಂದ ಸತ್ತ ಮಕ್ಕಳು ಇಣುಕುತ್ತಾರೆ. ಗವೇನ್‌ಗೆ ಎಲ್ಲವೂ ನೆನಪಿದೆ. ಅವನು ಮುಚ್ಚಿಡುತ್ತಿರುವುದು ತಾನಾಗಿ. ಕವಚ ತೊಟ್ಟ ಸ್ಟೀವನ್ಸ್ ಈತ, ಒಬ್ಬ ಒಡೆಯನ ಪಾಪವನ್ನು ತನ್ನ ನಿಷ್ಠೆಯಿಂದ ಕಾಯುತ್ತ ಮುದುಕನಾದವನು. ಇಡೀ ಕಾದಂಬರಿ ಗವೇನ್‌ನ ಬಾಯಿಂದ ಬಂದಿದ್ದರೆ ಅದು ಇಶಿಗುರೊ ಅವರ ದೊಡ್ಡ ಕೃತಿಗಳ ಸಾಲಿಗೆ ಸೇರುತ್ತಿತ್ತು ಎಂದು ಧೈರ್ಯವಾಗಿ ಹೇಳಬಹುದು.

ಕೊನೆಯ ಅಧ್ಯಾಯವನ್ನು ಹೇಳುವವನು ಅಂಬಿಗ. ಮಂಜು ಕರಗಿದೆ, ನೆನಪು ಮರಳಿದೆ. ಮಗ ಬಹಳ ಹಿಂದೆಯೇ ಪ್ಲೇಗಿನಿಂದ ಸತ್ತಿದ್ದಾನೆ. ಬಿಯಾಟ್ರಿಸ್ ಒಮ್ಮೆ ಗಂಡನಿಗೆ ದ್ರೋಹ ಬಗೆದಿದ್ದಳು; ಕ್ಷಮಿಸಿದೆನೆಂದುಕೊಂಡ ಆಕ್ಸಲ್, ಮಗನ ಗೋರಿಗೆ ಹೋಗಲು ಅವಳನ್ನು ಬಿಡದೆ ಸೇಡು ತೀರಿಸಿಕೊಂಡಿದ್ದ. ಇಲ್ಲಿ ಮಾತ್ರ ಮರೆವು ಮತ್ತೆ ಮನುಷ್ಯರದಾಗುತ್ತದೆ. ಅಂಬಿಗ ಇಬ್ಬರನ್ನೂ ಒಟ್ಟಿಗೆ ಒಯ್ಯುವನೇ ಎಂಬುದನ್ನು ಲೇಖಕರು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅದಕ್ಕೂ ಸ್ವಲ್ಪ ಮೊದಲು, ಎಲ್ಲ ಬ್ರಿಟನ್ನರನ್ನೂ ದ್ವೇಷಿಸುವೆನೆಂದು ಎಡ್ವಿನ್‌ನಿಂದ ವಿಸ್ಟನ್ ಆಣೆ ಮಾಡಿಸಿಕೊಂಡಿರುತ್ತಾನೆ. ತನ್ನೊಡನೆ ಪ್ರೀತಿಯಿಂದ ನಡೆದುಕೊಂಡ ಈ ಮುದುಕ ಮುದುಕಿಯೂ ಅದರಲ್ಲಿ ಸೇರುತ್ತಾರೆಯೇ ಎಂದು ಹುಡುಗನಿಗೆ ತಿಳಿಯದು. ನೆರೆಹೊರೆಯವರು ನೆರೆಹೊರೆಯವರನ್ನು ಕೊಂದ ಇಪ್ಪತ್ತನೆಯ ಶತಮಾನದ ಎಷ್ಟೋ ಊರುಗಳು ಆ ಒಂದು ಗೊಂದಲದಲ್ಲಿ ಬಂದು ನಿಲ್ಲುತ್ತವೆ. ವಾಸ್ತವವಾದಿ ಕಾದಂಬರಿಗೆ ಇಷ್ಟು ಅಗಲದ ನೋಟ ಕಷ್ಟವಿತ್ತು. ಇದನ್ನು ದೊರಕಿಸಿಕೊಟ್ಟದ್ದು ಫ್ಯಾಂಟಸಿಯೇ.

ಬೇರೆ ಪ್ರಕಾರದಲ್ಲಿ ಹೆಸರಾದ ಲೇಖಕರು ಫ್ಯಾಂಟಸಿಯಲ್ಲಿ ಎಡವಿದ, ಅಥವಾ ಎಡವಿದರೆಂದು ಅನ್ನಿಸಿಕೊಂಡ ಉದಾಹರಣೆಗಳು ಇನ್ನೂ ಇವೆ. ಸಲ್ಮಾನ್ ರಶ್ದಿ ಅವರ ಮೊದಲ ಕಾದಂಬರಿ ‘ಗ್ರೈಮಸ್’ (1975) ಪರ್ಷಿಯನ್ ಕವಿ ಅತ್ತಾರನ ಪಕ್ಷಿಗಳ ಕಾವ್ಯದಿಂದ ಪ್ರೇರಣೆ ಪಡೆದ ಫ್ಯಾಂಟಸಿ; ಅದು ಸೋತಿತು, ಆರು ವರ್ಷದ ಮೇಲೆ ಬಂದ ‘ಮಿಡ್‌ನೈಟ್ಸ್ ಚಿಲ್ಡ್ರನ್’ ಬೂಕರ್ ಗೆದ್ದಿತು. ಭಯಾನಕ ಕಥೆಗಳ ಸ್ಟೀಫನ್ ಕಿಂಗ್ ಮಗಳು ನವೋಮಿಗಾಗಿ ಬರೆದ ‘ದಿ ಐಸ್ ಆಫ್ ದಿ ಡ್ರ್ಯಾಗನ್’ 1987ರಲ್ಲಿ ಸಾಮಾನ್ಯ ಓದುಗರನ್ನು ತಲುಪಿದಾಗ ಅಭಿಮಾನಿಗಳಲ್ಲಿ ಅನೇಕರು ಮುನಿಸಿಕೊಂಡರು. ತಮಗೆ ಬೇಕಾದದ್ದನ್ನೇ ಬರೆಯೆಂದು ಲೇಖಕನನ್ನು ಹಿಂಸಿಸುವ ಅಭಿಮಾನಿಯ ಕಥೆ ‘ಮಿಸರಿ’ಗೆ ಆ ಮುನಿಸೂ ಪ್ರೇರಣೆಯೆಂದು ಕಿಂಗ್ ಹೇಳಿದ್ದಾರೆ. ಕಿಂಗ್ ಅವರ ಪುಸ್ತಕ ಪ್ರಕಾರದ ನಿಯಮಗಳನ್ನು ಸಂತೋಷದಿಂದ ಪಾಲಿಸಿತು, ನಿರಾಸೆಗೊಂಡವರು ಅವರ ಹಳೆಯ ಓದುಗರು. ಇಶಿಗುರೊ ಅವರದು ಹಾಗಲ್ಲ; ಹಳೆಯ ಓದುಗರಿಗೆ ಡ್ರ್ಯಾಗನ್ ಜಾಸ್ತಿಯಾಯಿತು, ಫ್ಯಾಂಟಸಿ ಓದುಗರಿಗೆ ಕಡಿಮೆಯಾಯಿತು.

2017ರಲ್ಲಿ ಇಶಿಗುರೊ ಅವರಿಗೆ ಸಾಹಿತ್ಯದ ನೊಬೆಲ್ ಬಂದಾಗ ಕಾದಂಬರಿಗೆ ಮರುಓದು ಸಿಕ್ಕಿತು. ಸ್ವೀಡಿಷ್ ಅಕಾಡೆಮಿಯ ಅಂದಿನ ಕಾರ್ಯದರ್ಶಿ ಸಾರಾ ಡೇನಿಯಸ್, ‘ದಿ ರಿಮೇನ್ಸ್ ಆಫ್ ದಿ ಡೇ’ಯನ್ನು ಮೇರುಕೃತಿ ಎಂದು ಕರೆದೂ, ತನಗೆ ವೈಯಕ್ತಿಕವಾಗಿ ಹೆಚ್ಚು ಇಷ್ಟವಾದದ್ದು ‘ದಿ ಬರೀಡ್ ಜಯಂಟ್’ ಎಂದರು. ಇದನ್ನು ಸ್ಟಾಪ್ ಮೋಷನ್ ತಂತ್ರದಲ್ಲಿ ನೆಟ್‌ಫ್ಲಿಕ್ಸ್‌ಗಾಗಿ ಚಿತ್ರವಾಗಿಸುವ ಯೋಜನೆಯನ್ನು ಮೆಕ್ಸಿಕೊ ಮೂಲದ ನಿರ್ದೇಶಕ ಗಿಯೆರ್ಮೊ ಡೆಲ್ ಟೊರೊ 2023ರಲ್ಲಿ ಪ್ರಕಟಿಸಿದರು. ಇಶಿಗುರೊ ಅವರ ಮುಂದಿನ ಕಾದಂಬರಿ ‘ಕ್ಲಾರಾ ಅಂಡ್ ದಿ ಸನ್’ 2021ರಲ್ಲಿ ಬಂತು. ಅದರ ವಸ್ತು ಮತ್ತೆ ವೈಜ್ಞಾನಿಕ ಕಾದಂಬರಿಯದು. ಕಥೆ ಹೇಳುವವಳು ಮನುಷ್ಯಳಲ್ಲ, ಸೌರಶಕ್ತಿಯಿಂದ ನಡೆಯುವ ಯಂತ್ರಗೆಳತಿ. ಆದರೆ ಆಕೆ ಮೊದಲ ಪುಟದಿಂದ ಕೊನೆಯವರೆಗೂ ‘ನಾನು’ ಎಂದೇ ಹೇಳುತ್ತಾಳೆ.